ವಂಶಾವಳಿಯೂ ಬಂಧುವರ್ಗದ ನೆನಪೂ

ಒಂದು ಕುಲದವರು ತಮ್ಮ ಪೂರ್ವಿಕರ ಹೆಸರುಗಳನ್ನೂ ವೃತ್ತಾಂತಗಳನ್ನೂ ಪರಸ್ಪರ ಹೇಳಿಕೊಂಡು ಕಾಪಾಡುವ ವಾಡಿಕೆಯು ನಮ್ಮ ದೇಶದಲ್ಲಿ ಅತಿ ಪ್ರಾಚೀನವಾದುದು. ರಾಜವಂಶಗಳ ವಂಶಾವಳಿಗಳನ್ನು ಶಾಸನತಜ್ಞರು ವಿಸ್ತಾರವಾಗಿ ಪರಿಶೀಲಿಸಿ ಅವುಗಳ ಗುಣದೋಷಗಳನ್ನು ನಿರ್ಣಯಿಸಿರುವರು. ಸಾಮಾನ್ಯ ಮನೆತನಗಳ ವಂಶಾವಳಿಗಳ ಕಡೆಗೆ ಅಷ್ಟು ಗಮನವು ಹರಿದಿಲ್ಲ. ಇವು ಮನೆಮನೆಯ ಕಡತಗಳಲ್ಲಿ, ಹೆಳವರ ಹೊತ್ತಿಗೆಗಳಲ್ಲಿ, ತೀರ್ಥಪುರೋಹಿತರ ನಾಮಾವಳಿಗಳಲ್ಲಿ, ವೃದ್ಧೆಯರ ಬಾಯಿಮಾತಿನಲ್ಲಿ ಚದರಿಹೋಗಿವೆ. ಈ ನೆನಪನ್ನು ಯಾರು ಯಾವ ಪ್ರಯೋಜನಕ್ಕಾಗಿ ಕಾಪಾಡಿದರು, ಕಾಪಾಡುವಾಗ ಏನನ್ನು ಬಿಟ್ಟರು, ಕವಲೊಡೆದ ಬಂಧುಗಳಲ್ಲಿ ಹಂಚಿಹೋದ ನೆನಪನ್ನು ಮತ್ತೆ ಕೂಡಿಸಿದರೆ ಇತಿಹಾಸಕ್ಕೆ ಏನು ಲಾಭ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶವಾಗಿದೆ.

1. ಶಾಸ್ತ್ರದ ಎಣಿಕೆ

ಧರ್ಮಶಾಸ್ತ್ರವು ಬಂಧುತ್ವಕ್ಕೆ ಎಲ್ಲೆಯನ್ನು ಕಟ್ಟಿದ ರೀತಿಯನ್ನು ಮೊದಲು ನೋಡಬೇಕು. ಸಪಿಂಡತ್ವವು ಏಳನೆಯ ತಲೆಯಲ್ಲಿ ನಿಂತುಹೋಗುವುದೆಂದು ಮನುಸ್ಮೃತಿಯ ಐದನೆಯ ಅಧ್ಯಾಯವು ವಿಧಿಸುತ್ತದೆ. ಅದರ ಆಚೆಗೆ ಸಮಾನೋದಕತ್ವವೆಂಬ ದೂರದ ಸಂಬಂಧವುಂಟು. ಇದಕ್ಕೆ ಮನುವು ತಲೆಗಳ ಲೆಕ್ಕವನ್ನು ಇಟ್ಟಿಲ್ಲ. ಜನ್ಮವೂ ನಾಮವೂ ತಿಳಿಯದೆ ಹೋದಾಗ ಅದು ಕೊನೆಗಾಣುವುದೆಂದು ಮಾತ್ರ ಹೇಳಿರುವನು. ಈ ಮಾತು ವಿಶೇಷವಾಗಿ ಮನನಾರ್ಹವಾದುದು. ರಕ್ತವು ಎಷ್ಟು ದೂರ ಹರಿದರೂ, ಇಂಥವನು ನಮ್ಮ ಕುಲದ ಇಂಥವನಿಗೆ ಹುಟ್ಟಿದನೆಂಬ ತಿಳಿವು ಎಲ್ಲಿ ಮುಗಿಯುವುದೋ ಅಲ್ಲಿಗೆ ನಂಟೂ ಮುಗಿಯಿತು. ನೆನಪಿನ ಎಲ್ಲೆಯೇ ನಂಟಿನ ಎಲ್ಲೆ. ಜ್ಞಾತಿ ಎಂಬ ಶಬ್ದವನ್ನು ನಮ್ಮ ಸಾಂಪ್ರದಾಯಿಕರು ‘ಜ್ಞಾ’ ಧಾತುವಿನಿಂದ ಸಾಧಿಸುವರು. ಆಧುನಿಕ ಭಾಷಾಶಾಸ್ತ್ರಜ್ಞರಿಗೆ ಜನನಾರ್ಥಕ ಧಾತುವಿನ ಕಡೆಗೆ ಒಲವುಂಟು. ವ್ಯುತ್ಪತ್ತಿಯು ಯಾವುದೇ ಆಗಲಿ, ತಿಳಿದುಕೊಂಡಿರುವವರೇ ನಂಟರು ಎಂಬ ಭಾವನೆಯು ಸಂಪ್ರದಾಯದಲ್ಲಿ ಬೇರೂರಿದ್ದುದಕ್ಕೆ ಇದೊಂದು ಗುರುತು.

ಶ್ರಾದ್ಧದಲ್ಲಿ ತಂದೆ, ಅಜ್ಜ, ಮುತ್ತಜ್ಜ ಎಂಬ ಮೂರು ತಲೆಗಳನ್ನು ಕ್ರಮವಾಗಿ ವಸು, ರುದ್ರ, ಆದಿತ್ಯ ರೂಪರೆಂದು ಹೆಸರು ಗೋತ್ರಗಳೊಡನೆ ಉಚ್ಚರಿಸುವುದು ಪದ್ಧತಿ. ಮನೆಮಾತಾಗಿ ನಿಂತಿರುವ ವಂಶಾವಳಿಗಳು ಬಹುಮಟ್ಟಿಗೆ ಮೂರು ನಾಲ್ಕು ತಲೆಗಳಿಗೆ ನಿಂತುಬಿಡುವುದಕ್ಕೆ ಈ ವಿಧಿಯೂ ಒಂದು ಕಾರಣವೆಂದು ನಮ್ಮ ಊಹೆ. ತಂದೆಯು ತೀರಿದಾಗ ಮುತ್ತಜ್ಜನ ಹೆಸರು ಮಂತ್ರದಿಂದ ಜಾರುತ್ತದೆ. ಬರೆದಿಡದಿದ್ದರೆ ಎರಡು ತಲೆಗಳಲ್ಲಿ ಅದು ನೆನಪಿನಿಂದಲೂ ಜಾರುತ್ತದೆ.

ಇನ್ನು ತಾಯಿಯ ಕಡೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಸಾಪಿಂಡ್ಯವನ್ನು ಪಿಂಡದಾನದ ಮೇಲೆ ನಿಲ್ಲಿಸದೆ ಒಂದೇ ಶರೀರದ ಅವಯವಗಳ ಅನ್ವಯದ ಮೇಲೆ ನಿಲ್ಲಿಸಿದನು. ಆ ಪಕ್ಷದಲ್ಲಿ ತಾಯಿಯೂ ಅವಳ ತಂದೆತಾಯಿಗಳೂ ಸಪಿಂಡರೇ ಆಗುವರು. ಯಾಜ್ಞವಲ್ಕ್ಯಸ್ಮೃತಿಯಂತೆ ವಿವಾಹವಿಷಯದಲ್ಲಿ ತಂದೆಯ ಕಡೆ ಏಳು, ತಾಯಿಯ ಕಡೆ ಐದು ತಲೆಗಳನ್ನು ಎಣಿಸಬೇಕು. ಸೋದರಮಾವನ ಮಗಳನ್ನು ವರಿಸುವ ದಾಕ್ಷಿಣಾತ್ಯಾಚಾರವನ್ನು ಬೌಧಾಯನನು ಹೆಸರಿಸಿರುವುದೂ, ವಿಜಯನಗರ ಕಾಲದ ಪರಾಶರಮಾಧವೀಯವು ಅದನ್ನು ಸಮರ್ಥಿಸಿರುವುದೂ ವಿದ್ವಾಂಸರಿಗೆ ವಿದಿತವೇ. ಆದರೂ ಯಾರು ಯಾರಿಗೆ ಏನಾಗಬೇಕೆಂಬುದನ್ನು ತಾಯಿಯ ಕಡೆಯಿಂದ ಅರಿಯದೆ ಆ ಆಚಾರವನ್ನು ಸಹ ನಡೆಸಲಾಗುವುದಿಲ್ಲ. ಶಾಸ್ತ್ರಕ್ಕೂ ಆಚಾರಕ್ಕೂ ಮಾತೃಪಕ್ಷದ ಸ್ಮೃತಿಯು ಇಷ್ಟು ಆವಶ್ಯಕವಾಗಿದ್ದರೂ ನಮ್ಮ ಮನೆಗಳ ಲಿಖಿತ ವಂಶಾವಳಿಗಳಲ್ಲಿ ಅದು ವಿರಳವಾಗಿ ದೊರೆಯುತ್ತದೆ. ಈ ವೈಷಮ್ಯದ ಕಾರಣವನ್ನು ಮುಂದೆ ವಿಚಾರಿಸೋಣ.

2. ಅಣ್ಣನ ಕಾವ್ಯ, ತಮ್ಮನ ಶಾಸನ

ಒಂದು ಕುಲದ ನೆನಪು ಇಬ್ಬರಲ್ಲಿ ಹಂಚಿಹೋಗಿ, ಇಬ್ಬರ ಮಾತೂ ಕೂಡಿದಾಗಲೇ ಪೂರ್ಣವಾಗುವುದೆಂಬುದಕ್ಕೆ ಕನ್ನಡದ ಆದಿಕವಿಯ ಮನೆತನಕ್ಕಿಂತ ಉತ್ತಮವಾದ ನಿದರ್ಶನವಿಲ್ಲ. ಪಂಪನು ವಿಕ್ರಮಾರ್ಜುನವಿಜಯದಲ್ಲಿ ತನ್ನ ಕುಲವನ್ನು ವರ್ಣಿಸುವಾಗ ಮಾಧವ ಸೋಮಯಾಜಿ, ಅವನ ಮಗ ಅಭಿಮಾನಚಂದ್ರ, ಅವನ ಮಗ ಕೊಮರಯ್ಯ, ಅವನ ಮಗ ಅಭಿರಾಮದೇವರಾಯ ಎಂದು ನಾಲ್ಕು ತಲೆಗಳನ್ನು ಹೇಳಿ ತನ್ನಲ್ಲಿಗೆ ಬರುತ್ತಾನೆ. ತಾಯಿಯ ಹೆಸರು ಅಲ್ಲಿಲ್ಲ. ಒಡಹುಟ್ಟಿದವರ ಮಾತೂ ಇಲ್ಲ. ಈ ಕಾವ್ಯವೊಂದೇ ಆಧಾರವಾಗಿದ್ದಷ್ಟು ಕಾಲ ಕವಿಯ ತಾಯಿಯು ಯಾರೆಂಬುದು ಸಾಹಿತ್ಯಚರಿತ್ರೆಗೆ ಅಜ್ಞಾತವಾಗಿಯೇ ಇತ್ತು.

ಈಗ ತೆಲಂಗಾಣಕ್ಕೆ ಸೇರಿದ ಕರೀಂನಗರದ ಸೀಮೆಯಲ್ಲಿ, ಕುರ್ಕ್ಯಾಲದ ಬಳಿಯ ಬೊಮ್ಮಲಗುಟ್ಟದ ಬಂಡೆಯ ಮೇಲೆ ಪಂಪನ ತಮ್ಮನಾದ ಜಿನವಲ್ಲಭನು ಕೆತ್ತಿಸಿದ ಶಾಸನವು ಇಪ್ಪತ್ತನೆಯ ಶತಮಾನದಲ್ಲಿ ವಿದ್ವಾಂಸರ ದೃಷ್ಟಿಗೆ ಬಿದ್ದಿತು. ಕನ್ನಡ, ಸಂಸ್ಕೃತ, ತೆಲುಗು ಎಂಬ ಮೂರು ಭಾಷೆಗಳಲ್ಲಿರುವ ಈ ಶಾಸನದಲ್ಲಿ ಜಿನವಲ್ಲಭನು ತಾನು ಅಭಿಮಾನಚಂದ್ರನ ಮೊಮ್ಮಗನಾದ ಭೀಮಪಯ್ಯನಿಗೂ, ಬೆಳ್ವೊಲದ ಅಣ್ಣಿಗೆರೆಯ ಜೋಯಿಸ ಸಿಂಘನ ಮೊಮ್ಮಗಳಾದ ಅಬ್ಬಣಬ್ಬೆಗೂ ಹುಟ್ಟಿದ ಮಗನೆಂದು ಹೇಳಿಕೊಂಡಿರುವನು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡತಕ್ಕದ್ದು. ಶಾಸನವು ಅಭಿಮಾನಚಂದ್ರನಿಂದ ಮೊಮ್ಮಗನಿಗೆ ಹಾರಿ ನಡುವಣ ಕೊಮರಯ್ಯನನ್ನು ಬಿಟ್ಟಿದೆ. ಕಾವ್ಯವು ಆ ಕೊಂಡಿಯನ್ನು ಒದಗಿಸುತ್ತದೆ. ಕಾವ್ಯವು ತಾಯಿಯನ್ನು ಬಿಟ್ಟಿದೆ. ಶಾಸನವು ಅವಳ ಹೆಸರನ್ನೂ ತವರೂರನ್ನೂ ಅಜ್ಜನನ್ನೂ ಒದಗಿಸುತ್ತದೆ. ಕಾವ್ಯದ ಅಭಿರಾಮದೇವರಾಯನು ಶಾಸನದಲ್ಲಿ ಭೀಮಪಯ್ಯನಾಗಿ ಕಾಣುವುದರಿಂದ, ಒಬ್ಬನೇ ವ್ಯಕ್ತಿಗೆ ಎರಡು ಹೆಸರುಗಳಿದ್ದುದೂ ಗೊತ್ತಾಗುತ್ತದೆ. ವೆಂಗಿಯ ಕಡೆಯ ಮನೆತನವೊಂದು ಬೆಳ್ವೊಲದ ಕನ್ನಡ ಮನೆತನದೊಡನೆ ಬೆಸೆದುಕೊಂಡ ಸಂಗತಿಯು ತಾಯಿಯ ತವರಿನ ಉಲ್ಲೇಖವೊಂದರಿಂದಲೇ ಹೊರಬಿದ್ದಿತು. ಪಂಪನ ಕನ್ನಡವು ಎಲ್ಲಿಯದೆಂಬ ಚರ್ಚೆಯು ಇದರಿಂದ ಹೊಸ ದಿಕ್ಕನ್ನು ಹಿಡಿಯಿತು. ತಮ್ಮನು ಅಣ್ಣನಂತೆಯೇ ತಂದೆಯ ಸಾಲನ್ನು ಮಾತ್ರ ಹೇಳಿ ಸುಮ್ಮನಾಗಿದ್ದರೆ ನಾವು ಎಷ್ಟನ್ನು ಕಳೆದುಕೊಳ್ಳುತ್ತಿದ್ದೆವೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತು. ಅರ್ಧ ಶತಮಾನದ ತರುವಾಯ, 993ರಲ್ಲಿ ಅಜಿತಪುರಾಣವನ್ನು ರಚಿಸಿದ ರನ್ನನ ತಂದೆಯ ಹೆಸರೂ ಜಿನವಲ್ಲಭ; ತಾಯಿಯ ಹೆಸರು ಅಬ್ಬಲಬ್ಬೆ. ಮುದುವೊಳಲಿನ ಬಳೆಗಾರರ ಈ ಮನೆತನಕ್ಕೂ ಪಂಪನ ಮನೆತನಕ್ಕೂ ಸಂಬಂಧವಿಲ್ಲ. ಬರೆವಣಿಗೆಯ ಆಧಾರವಿಲ್ಲದೆ ಬಾಯಿಮಾತಿನಲ್ಲಿ ಮಾತ್ರ ಈ ಎರಡು ಕುಲಗಳ ನೆನಪು ಉಳಿದಿದ್ದರೆ, ಜಿನವಲ್ಲಭರಿಬ್ಬರೂ ಅಬ್ಬಣಬ್ಬೆ ಅಬ್ಬಲಬ್ಬೆಯರೂ ಒಂದಾಗಿ, ಕನ್ನಡದ ಇಬ್ಬರು ಮಹಾಕವಿಗಳು ದೊಡ್ಡಪ್ಪ ಮಕ್ಕಳಾಗಿಬಿಡುತ್ತಿದ್ದರೇನೋ. ರನ್ನನು ತನ್ನ ಮಕ್ಕಳಿಗೆ ಪೋಷಕರ ನೆನಪಿಗಾಗಿ ರಾಯ, ಅತ್ತಿಮಬ್ಬೆ ಎಂದು ಹೆಸರಿಟ್ಟುದು ಪ್ರಸಿದ್ಧವಾಗಿದೆ. ಹೆಸರು ಯಾವಾಗಲೂ ರಕ್ತಸಂಬಂಧಕ್ಕೆ ಸಾಕ್ಷಿಯಲ್ಲವೆಂಬುದು ಇದರಿಂದ ಸ್ಪಷ್ಟ.

3. ನೆನಪಿನ ಕಾವಲುಗಾರರು

ಬರೆವಣಿಗೆಯು ಮನೆಗಳಲ್ಲಿ ಸುಲಭವಾಗಿಲ್ಲದ ಕಾಲದಲ್ಲಿ ಒಕ್ಕಲು ಮನೆತನಗಳ ಸ್ಮೃತಿಯನ್ನು ವೃತ್ತಿಯಾಗಿ ವಹಿಸಿಕೊಂಡವರು ಹೆಳವರು. ಹೆಳವನೆಂದರೆ ಕಾಲಿಲ್ಲದವನೆಂದು ಅರ್ಥ. ಎತ್ತಿನ ಮೇಲೆ ಕುಳಿತು, ಗಂಟೆಯನ್ನು ಬಾರಿಸುತ್ತ, ಸುಗ್ಗಿಯ ತರುವಾಯ ತಮ್ಮ ಪಾಲಿನ ಊರುಗಳಿಗೆ ಬಂದು, ಮನೆಯ ಮುಂದೆ ನಿಂತು ಆ ಮನೆತನದ ಹಿರಿಯರನ್ನು ಮೂಲಪುರುಷನಿಂದ ಮೊದಲ್ಗೊಂಡು ಹಾಡಿ ಹೊಗಳುವುದು ಇವರ ವೃತ್ತಿ. ಲಿಂಗವಂತರು, ರೆಡ್ಡಿಗಳು, ಕುರುಬರು, ಒಕ್ಕಲಿಗರು ಮೊದಲಾದವರ ಮನೆಗಳು ಇವರಿಗೆ ವಂಶಪಾರಂಪರ್ಯವಾಗಿ ಹಂಚಿಹೋಗಿದ್ದುವು. ಪ್ರತಿಫಲವಾಗಿ ಕಾಳು, ಬಟ್ಟೆ, ಹಣ, ಕೆಲವು ವೇಳೆ ದನವನ್ನೂ ಪಡೆಯುತ್ತಿದ್ದರು. ಹಿಂದಿನ ಸಲ ಬಂದುಹೋದ ಮೇಲೆ ಹುಟ್ಟಿದ ಮಕ್ಕಳ ಹೆಸರನ್ನು ಕೇಳಿ ಹೊತ್ತಿಗೆಯಲ್ಲಿ ಸೇರಿಸಿಕೊಳ್ಳುವುದು ಇವರ ಕರ್ತವ್ಯ. ಥರ್ಸ್ಟನ್ನನು 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಗಳ ಗ್ರಂಥದಲ್ಲಿಯೂ ಇವರ ಪ್ರಸ್ತಾಪವುಂಟು.

ಹೆಳವನ ಕಾರ್ಯದಲ್ಲಿ ಇತಿಹಾಸಕಾರನು ಮುಖ್ಯವಾಗಿ ಗಮನಿಸತಕ್ಕ ಅಂಶವೊಂದಿದೆ. ಮನೆತನವು ಒಡೆದು ಅಣ್ಣತಮ್ಮಂದಿರು ಬೇರೆ ಬೇರೆ ಊರುಗಳಿಗೆ ಹೋದರೂ ಅವರನ್ನು ಹುಡುಕಿಕೊಂಡು ಹೋಗುವ ಹೆಳವನ ಹೊತ್ತಿಗೆಯಲ್ಲಿ ಅವರ ಕವಲುಗಳು ಒಂದೇ ಬುಡಕ್ಕೆ ಸೇರಿರುತ್ತವೆ. ಒಂದು ಕವಲಿನವರಿಗೆ ಮತ್ತೊಂದು ಕವಲಿನ ಸುದ್ದಿಯನ್ನು ಮುಟ್ಟಿಸುವವನೂ ಅವನೇ. ಕಾಶಿ, ಗಯೆ, ಹರಿದ್ವಾರಗಳ ಪಂಡರ ವಹಿಗಳೂ ನಾಸಿಕ ತ್ರ್ಯಂಬಕಗಳ ಪುರೋಹಿತರ ನಾಮಾವಳಿಗಳೂ ಇದೇ ಬಗೆಯ ಉಪಕಾರವನ್ನು ಮಾಡಿವೆ. ಯಾತ್ರಿಕನ ಊರನ್ನೂ ಮನೆತನದ ಹೆಸರನ್ನೂ ಕೇಳಿ ಪುರೋಹಿತನು ಹಳೆಯ ವಹಿಯನ್ನು ಬಿಚ್ಚಿದರೆ, ಅಜ್ಜನ ಕೈಬರಹವೋ ಅಜ್ಜನ ಅಣ್ಣನ ಮೊಮ್ಮಗನ ರುಜುವೋ ಅಲ್ಲಿ ದೊರೆಯುವುದುಂಟು. ಪರಸ್ಪರ ಮುಖವನ್ನೇ ಕಾಣದ ದಾಯಾದರು ಒಂದೇ ಹಾಳೆಯಲ್ಲಿ ಸೇರಿರುವರು. ಆದರೆ ಹೆಳವನು ದಾತಾರನ ಮನಸ್ಸನ್ನು ಸಂತೋಷಪಡಿಸಬೇಕಾದವನು. ತೀರ್ಥಪುರೋಹಿತನು ಯಾತ್ರಿಕನು ಹೇಳಿದುದನ್ನು ಹಾಗೆಯೇ ಬರೆದುಕೊಳ್ಳತಕ್ಕವನು. ಆದುದರಿಂದ ಮೊದಲನೆಯವನ ಹೊಗಳಿಕೆಯನ್ನೂ ಎರಡನೆಯವನ ವಿಶ್ವಾಸವನ್ನೂ ಕಳೆದು ಉಳಿದುದನ್ನು ಮಾತ್ರ ಪ್ರಮಾಣವಾಗಿ ಹಿಡಿಯಬೇಕು.

4. ಬಿಟ್ಟುಹೋದ ಹೆಸರುಗಳು

ಲಿಖಿತ ವಂಶಾವಳಿಗಳಲ್ಲಿ ಹೆಂಗಸರ ಹೆಸರು ಏಕೆ ಇಲ್ಲವೆಂಬ ಪ್ರಶ್ನೆಗೆ ಅನಾದರವೆಂಬ ಒಂದೇ ಉತ್ತರವು ಸಾಲದು. ವಂಶಾವಳಿಯನ್ನು ಬರೆಯಿಸಿದ ಸಂದರ್ಭವನ್ನು ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕರ್ನಲ್ ಮೆಕೆಂಜಿಯ ಸಹಾಯಕರು ಊರೂರಿನಲ್ಲಿ ಕೂಡಿಹಾಕಿದ ಕೈಫಿಯತ್ತುಗಳಲ್ಲಿ ಪಾಳೆಯಗಾರರ ವಂಶಕಥನಗಳು ಹೇರಳವಾಗಿವೆ; ಕರ್ನಾಟಕದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು 1994ರಲ್ಲಿ ಸಂಪಾದಿಸಿ ಉಪಕರಿಸಿರುವರು. ತರುವಾಯ ಮುಂಬಯಿ ಆಧಿಪತ್ಯದಲ್ಲಿ 1852ರ ಕಾಯಿದೆಯಂತೆ ಇನಾಮುಗಳ ವಿಚಾರಣೆ ನಡೆದಾಗ, ಉಂಬಳಿಯು ಮೂಲ ಪ್ರತಿಗ್ರಾಹಿಯಿಂದ ತನಗೆ ಹೇಗೆ ಬಂದಿತೆಂಬುದನ್ನು ಪ್ರತಿಯೊಬ್ಬ ಇನಾಮುದಾರನೂ ತೋರಿಸಬೇಕಾಯಿತು. ಹಕ್ಕು ಗಂಡುಮಕ್ಕಳ ಸಾಲಿನಲ್ಲಿ ಇಳಿಯುತ್ತಿದ್ದುದರಿಂದ ಅಧಿಕಾರಿಗೆ ಬೇಕಾದ ಹೆಸರುಗಳು ಮಾತ್ರ ಕಾಗದಕ್ಕೆ ಏರಿದುವು. ಹೀಗೆ ಹಕ್ಕಿಗಾಗಿ ಬರೆದುದನ್ನು ಮುಂದಿನವರು ನೆನಪಿಗಾಗಿ ಬರೆದುದೆಂದು ಭಾವಿಸಿಕೊಂಡರು.

ಇದು ಬರಿಯ ತರ್ಕವಲ್ಲವೆಂಬುದಕ್ಕೆ ತುಳುನಾಡು ಸಾಕ್ಷಿ. ಅಳಿಯಸಂತಾನದ ಕುಟುಂಬಗಳಲ್ಲಿ ಸ್ವತ್ತು ಹೆಣ್ಣಿನ ಸಾಲಿನಲ್ಲಿ ಇಳಿಯುತ್ತಿದ್ದುದರಿಂದ ಅಲ್ಲಿಯ ವಂಶವೃಕ್ಷದ ಬುಡದಲ್ಲಿ ಮೂಲಸ್ತ್ರೀಯೊಬ್ಬಳು ನಿಲ್ಲುತ್ತಾಳೆ. ಅವಳ ಹೆಣ್ಣುಮಕ್ಕಳಿಂದ ‘ಕವರು’ಗಳು ಕವಲೊಡೆಯುತ್ತವೆ, 1949ರ ಅಳಿಯಸಂತಾನ ಕಾಯಿದೆಯು ಈ ಶಬ್ದವನ್ನೇ ಬಳಸಿದೆ. ಅಲ್ಲಿ ಜಾರಿಹೋಗುವ ಅಪಾಯವಿರುವುದು ಗಂಡಸರ ಮಕ್ಕಳ ಹೆಸರಿಗೆ. ಪಶ್ಚಿಮಘಟ್ಟದ ಆಚೆ ಈಚೆ ಒಂದೇ ಬಗೆಯ ಜನ ಒಂದೇ ಬಗೆಯ ಪತ್ರವನ್ನು ಬರೆದರು. ಸ್ವತ್ತಿನ ದಾರಿ ಬೇರೆಯಾದುದರಿಂದ ನೆನಪಿನ ದಾರಿಯೂ ಬೇರೆಯಾಯಿತು.

ಸ್ವತ್ತಿನ ಮಾತಿಲ್ಲದ ಕಡೆ ಕನ್ನಡನಾಡಿನ ಘಟ್ಟದ ಮೇಲೆಯೂ ತಾಯಂದಿರ ಹೆಸರು ನಿಂತಿದೆ. ಶ್ರವಣಬೆಳ್ಗೊಳದ ಕತ್ತಲೆ ಬಸದಿಯನ್ನು ಹೊಯ್ಸಳ ದಂಡನಾಯಕ ಗಂಗರಾಜನು ತನ್ನ ತಾಯಿ ಪೋಚವ್ವೆಗಾಗಿ ಮಾಡಿಸಿದನು. 1131ರಲ್ಲಿ ಶಿವಗಂಗೆಯಲ್ಲಿ ರಾಣಿ ಶಾಂತಲೆ ತೀರಿದ ಮೇಲೆ ಅವಳ ತಾಯಿ ಮಾಚಿಕಬ್ಬೆಯು ಬೆಳ್ಗೊಳದಲ್ಲಿ ಸಲ್ಲೇಖನವನ್ನು ಕೈಗೊಂಡು ಮುಡಿಪಿದ ವೃತ್ತಾಂತವನ್ನು ಅಲ್ಲಿಯ ಶಾಸನವು ಹೇಳುತ್ತದೆ. ಮಾಚಿಕಬ್ಬೆಯ ತವರಿನ ವಂಶವೂ ಅದರಲ್ಲಿ ನಿರೂಪಿತವಾಗಿದೆ. ತಂದೆ ಮಾರಸಿಂಗಯ್ಯ ಶೈವ, ತಾಯಿ ಜೈನೆ ಎಂಬ ಸಂಗತಿಯು ನಮಗೆ ಲಭ್ಯವಾದುದು ಇಂಥ ಸ್ಮಾರಕಲೇಖಗಳಿಂದಲೇ. ದುಃಖವು ಬರೆಯಿಸಿದ ಲೇಖದಲ್ಲಿ ಹಕ್ಕು ಬರೆಯಿಸಿದ ಲೇಖಕ್ಕಿಂತ ಹೆಚ್ಚು ಮಂದಿ ಬಂಧುಗಳು ಕಾಣಸಿಗುತ್ತಾರೆ.

ಹಾಗಾದರೆ ಹಿಂದೆ ಹೇಳಿದ ಐದು ತಲೆಗಳ ಮಾತೃಪಕ್ಷದ ಲೆಕ್ಕವನ್ನು ಇಟ್ಟವರು ಯಾರು? ಮನೆಯ ಹಿರಿಯ ಹೆಂಗಸರು. ಸಂಬಂಧವನ್ನು ಕುದುರಿಸುವಾಗ ಯಾವ ಮನೆಯ ಹೆಣ್ಣು ಯಾವ ಊರಿಗೆ ಹೋಯಿತು, ಯಾರ ಬಾಣಂತನ ಎಲ್ಲಿ ನಡೆಯಿತು, ಯಾವ ಸೊಸೆ ಯಾವ ಬರಗಾಲದಲ್ಲಿ ತವರಿಗೆ ಮರಳಿದಳು ಎಂಬುದು ಅವರ ನಾಲಗೆಯ ಮೇಲೆ ಇರುತ್ತಿತ್ತು. ಇದಕ್ಕೆ ಲೋಹದ ಸಾಕ್ಷಿಯೂ ಒಂದುಂಟು. ಮದುವೆಯಲ್ಲಿ ಕೊಟ್ಟ ಹಿತ್ತಾಳೆ ತಾಮ್ರದ ಪಾತ್ರೆಗಳ ಮೇಲೆ ಹೆಸರು ಕೊರೆಯಿಸುವ ವಾಡಿಕೆಯು ನಮ್ಮಲ್ಲಿ ವ್ಯಾಪಕವಾದುದು. ನಮ್ಮ ಮನೆತನದ ಎರಡು ಕವಲುಗಳ ಕಡತಗಳಲ್ಲಿ ಮುತ್ತಜ್ಜನ ತಾಯಿಯ ಹೆಸರು ಎಲ್ಲಿಯೂ ಇರಲಿಲ್ಲ. ದೂರದ ಊರಿಗೆ ಕೊಟ್ಟಿದ್ದ ಹೆಣ್ಣುಮಗಳೊಬ್ಬಳ ಸಂತತಿಯವರ ಮನೆಯಲ್ಲಿ ನೀರು ಕಾಯಿಸುವ ಹಂಡೆಯ ಕಂಠದ ಮೇಲೆ ಆ ಹೆಸರೂ ತವರೂರಿನ ಮೊದಲಕ್ಷರವೂ ಕೊರೆದಿದ್ದುವು; ಆ ಮನೆಯ ಹಿರಿಯಾಕೆಗೆ ಅದು ಯಾರ ಹೆಸರೆಂಬುದೂ ನೆನಪಿದ್ದಿತು. ಗಂಡುಸಂತತಿಯ ಕಾಗದದಲ್ಲಿ ಕಳೆದುಹೋದುದು ಹೆಣ್ಣುಸಂತತಿಯ ಬಚ್ಚಲುಮನೆಯಲ್ಲಿ ಉಳಿದಿತ್ತು. ಹಳೆಯ ಪಾತ್ರೆಗಳನ್ನು ತೂಕಕ್ಕೆ ಹಾಕಿ ಹೊಸದನ್ನು ಕೊಳ್ಳುವ ಈ ಕಾಲದಲ್ಲಿ ಇಂಥ ಶಾಸನಗಳು ಎಷ್ಟು ಕರಗಿಹೋಗುತ್ತಿವೆಯೋ ಲೆಕ್ಕವಿಟ್ಟವರಿಲ್ಲ.

5. ಪರೀಕ್ಷೆಯ ಕ್ರಮ

ಬಂಧುಗಳ ನೆನಪನ್ನು ಕೂಡಿಸುವವನು ಎರಡು ಬಗೆಯ ದೋಷಗಳನ್ನು ಮುಖ್ಯವಾಗಿ ಪರಿಹರಿಸಿಕೊಳ್ಳಬೇಕು. ಮೊದಲನೆಯದು ಗೌರವದ ಆಸೆ. 1009ರ ಕೌಥೇಂ ತಾಮ್ರಶಾಸನದಲ್ಲಿ ಕಲ್ಯಾಣದ ಚಾಲುಕ್ಯರು ತಮ್ಮ ಪೂರ್ವಿಕರಲ್ಲಿ 59 ಮಂದಿ ಅಯೋಧ್ಯೆಯಲ್ಲಿಯೂ ತರುವಾಯದ 16 ಮಂದಿ ದಕ್ಷಿಣಾಪಥದಲ್ಲಿಯೂ ಆಳಿದರೆಂದು ಹೇಳಿಸಿದರು. ಚಕ್ರವರ್ತಿಗಳೇ ಹೀಗೆ ಮಾಡಿದ ಮೇಲೆ ಸಾಮಾನ್ಯರು ತಮ್ಮ ಮೂಲಪುರುಷನನ್ನು ಋಷಿಗೋ ರಾಜನಿಗೋ ಗಂಟುಹಾಕಿದರೆ ಆಶ್ಚರ್ಯವಿಲ್ಲ. ಇಂಥ ಭಾಗವನ್ನು ಅಳಿಸಬೇಕಾದುದಿಲ್ಲ; ಆ ಕುಲದವರು ತಮ್ಮನ್ನು ಏನೆಂದು ಬಗೆದರೆಂಬುದಕ್ಕೆ ಅದು ಪ್ರಮಾಣ, ಅವರು ಏನಾಗಿದ್ದರೆಂಬುದಕ್ಕೆ ಪ್ರಮಾಣವಲ್ಲ.

ಎರಡನೆಯದು ಕಾಲದ ತೊಡಕು. ಹಳೆಯ ಟಿಪ್ಪಣಿಗಳಲ್ಲಿ ಶಕವರ್ಷವಿಲ್ಲದೆ ಸಂವತ್ಸರದ ಹೆಸರು ಮಾತ್ರ ಇರುವುದು ಸಾಮಾನ್ಯ. ಅರುವತ್ತು ವರ್ಷಕ್ಕೊಮ್ಮೆ ಹೆಸರು ಮರಳುವುದರಿಂದ, ಧಾತು ಸಂವತ್ಸರದಲ್ಲಿ ಮನೆ ಬಿಟ್ಟರೆಂಬ ಮಾತು 1816ನ್ನೂ 1876ನ್ನೂ 1936ನ್ನೂ ಸೂಚಿಸಬಹುದು. ಆದರೆ ಒಂದು ಕವಲಿನವರು ‘ಧಾತು’ ಎಂದೂ, ಮತ್ತೊಂದು ಕವಲಿನವರು ‘ದೊಡ್ಡ ಬರದಲ್ಲಿ’ ಎಂದೂ ಹೇಳಿದರೆ ಗಂಟು ಬಿಚ್ಚಿತು: ಅದು ಧಾತು ಈಶ್ವರ ಸಂವತ್ಸರಗಳ, ಅರ್ಥಾತ್ 1876–78ರ ಕ್ಷಾಮ. 1871ರ ಗಣತಿಯಲ್ಲಿ 50 ಲಕ್ಷಕ್ಕೆ ಮೇಲಿದ್ದ ಮೈಸೂರು ಸೀಮೆಯ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕಿಂತ ಕೆಳಗೆ ಇಳಿದಿದ್ದಿತು. ಗಣತಿಯು ಎಷ್ಟು ಮಂದಿ ಕಡಮೆಯಾದರೆಂದು ಮಾತ್ರ ಹೇಳಬಲ್ಲುದು. ಯಾವ ಮನೆಯವರು ಯಾವ ಊರನ್ನು ಬಿಟ್ಟು ಎಲ್ಲಿಗೆ ಸೇರಿದರು, ಯಾರು ದಾರಿಯಲ್ಲಿ ಉಳಿದರು ಎಂಬುದನ್ನು ಹೇಳಬಲ್ಲವು ಮನೆತನದ ನೆನಪುಗಳೇ. ಈ ಒಂದು ವಿಷಯದಲ್ಲಿಯಾದರೂ ದೇಶದ ಇತಿಹಾಸವು ಮನೆಗಳ ಇತಿಹಾಸಕ್ಕೆ ಋಣಿಯಾಗಬೇಕಾಗಿದೆ.

6. ಈಗ ಆಗಬೇಕಾದುದು

ಹಿಂದೂ ಉತ್ತರಾಧಿಕಾರದ ಕಾಯಿದೆಗೆ 1994ರಲ್ಲಿ ಕರ್ನಾಟಕದ ತಿದ್ದುಪಡಿಯೂ 2005ರಲ್ಲಿ ಕೇಂದ್ರದ ತಿದ್ದುಪಡಿಯೂ ಬಂದು, ಅವಿಭಕ್ತ ಸ್ವತ್ತಿನಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲುಂಟೆಂದು ವಿಧಿಸಿದುವು. ಇದರ ಫಲವಾಗಿ ಕಂದಾಯದ ಕಚೇರಿಗೆ ಒಪ್ಪಿಸುವ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಸೇರುವುದು ಅಗತ್ಯವಾಗಿದೆ. ಸ್ವತ್ತಿನ ದಾರಿ ಬದಲಾದರೆ ನೆನಪಿನ ದಾರಿಯೂ ಬದಲಾಗುವುದೆಂಬ ನಮ್ಮ ಮಾತಿಗೆ ಇದೇ ಹೊಸ ಸಾಕ್ಷಿ. ಆದರೆ ಕಚೇರಿಯ ವಂಶವೃಕ್ಷಕ್ಕೆ ಬೇಕಾದುದು ಬದುಕಿರುವ ವಾರಸುದಾರರು, ಹಿಂದಿನವರ ಕಥೆಯಲ್ಲ. ಅದನ್ನು ಬಂಧುಗಳೇ ಕೂಡಿ ಮಾಡಿಕೊಳ್ಳಬೇಕು. ಈಗ ಜಂಗಮ ದೂರವಾಣಿಯ ಮೂಲಕ ದೇಶಾಂತರದಲ್ಲಿರುವ ದಾಯಾದರೂ ಕ್ಷಣಮಾತ್ರದಲ್ಲಿ ಒಂದು ಹಳೆಯ ಛಾಯಾಚಿತ್ರವನ್ನೋ ಕಡತದ ಹಾಳೆಯನ್ನೋ ನೋಡಬಲ್ಲರು. ಹೆಳವನು ಎತ್ತಿನ ಮೇಲೆ ವರ್ಷಗಟ್ಟಲೆ ತಿರುಗಿ ಮಾಡುತ್ತಿದ್ದ ಕೆಲಸಕ್ಕೆ ಇಂದು ಸಾಧನವು ಸುಲಭವಾಗಿದೆ. ಆದರೆ ಅವನು ಕೇಳಿದುದನ್ನು ಹೊತ್ತಿಗೆಗೆ ಏರಿಸುತ್ತಿದ್ದನು. ನಾವು ನೋಡಿ ಮರೆಯುತ್ತೇವೆ.

ಆದುದರಿಂದ ಈ ಕಾರ್ಯದಲ್ಲಿ ತೊಡಗುವವರು ಕೆಲವು ನಿಯಮಗಳನ್ನು ಪಾಲಿಸುವುದು ಶ್ರೇಯಸ್ಕರ. ಪ್ರತಿಯೊಂದು ಹೆಸರಿನ ಎದುರಿಗೆ ಅದನ್ನು ಹೇಳಿದವರು ಯಾರು, ಅವರಿಗೆ ಯಾರಿಂದ ತಿಳಿಯಿತು ಎಂಬುದನ್ನು ಬರೆಯಬೇಕು. ಎರಡು ಕವಲುಗಳ ಹೇಳಿಕೆ ಭಿನ್ನವಾದರೆ ಹಿರಿಯ ಕವಲಿನ ಮಾತೇ ಸರಿಯೆಂದು ತೀರ್ಮಾನಿಸದೆ, ಗ್ರಂಥಸಂಪಾದಕನು ಪಾಠಾಂತರಗಳನ್ನು ಉಳಿಸುವಂತೆ ಎರಡನ್ನೂ ಉಳಿಸಬೇಕು. ಸೊಸೆಯಾಗಿ ಬಂದವಳ ತವರೂರನ್ನೂ ಮಗಳನ್ನು ಕೊಟ್ಟ ಊರನ್ನೂ ತಪ್ಪದೆ ಗುರುತಿಸಬೇಕು. ಸಂವತ್ಸರದ ಹೆಸರಿನೊಡನೆ ಬರ, ಜಾಡ್ಯ, ಕೆರೆ ಒಡೆದುದು ಮುಂತಾದ ಪ್ರಸಂಗಗಳನ್ನು ಕೇಳಿ ಸೇರಿಸಬೇಕು. ಮನೆತನದ ಅವಮಾನಕ್ಕೆ ಕಾರಣವೆಂದು ಮುಚ್ಚಿಟ್ಟ ಸಂಗತಿಗಳನ್ನು ಬದುಕಿರುವವರಿಗೆ ನೋವಾಗದಂತೆ ಬೇರೆಯಾಗಿ ಬರೆದಿಡಬೇಕು, ಸುಟ್ಟುಹಾಕಬಾರದು. ಒಂದು ಪ್ರತಿಯನ್ನು ಪ್ರತಿಯೊಂದು ಕವಲಿಗೂ ಕೊಡಬೇಕು. ವಿಶ್ವವಿದ್ಯಾನಿಲಯಗಳೂ ಪರಿಷತ್ತುಗಳೂ ಹೆಳವರ ಹೊತ್ತಿಗೆಗಳ ಪ್ರತಿಗಳನ್ನು ಅವರ ಸಮ್ಮತಿಯಿಂದ, ಅವರಿಗೆ ಉಚಿತವಾದ ಸಂಭಾವನೆಯನ್ನಿತ್ತು ತೆಗೆಯಿಸಿಕೊಳ್ಳಬೇಕು. ಆ ವೃತ್ತಿಯನ್ನು ಬಿಟ್ಟ ಮನೆಗಳಲ್ಲಿ ಹೊತ್ತಿಗೆಗಳು ಹುಳುಗಳಿಗೆ ಆಹಾರವಾಗುವ ಮೊದಲೇ ಇದು ನಡೆಯಬೇಕು.

ನೆಲವನ್ನು ಹಂಚಿಕೊಂಡರೆ ಒಬ್ಬೊಬ್ಬರ ಪಾಲು ಕಿರಿದಾಗುತ್ತದೆ. ನೆನಪನ್ನು ಹಂಚಿಕೊಂಡರೆ ಎಲ್ಲರ ಪಾಲೂ ಹಿರಿದಾಗುತ್ತದೆ. ಅಣ್ಣನ ಕಾವ್ಯದಲ್ಲಿಲ್ಲದ ತಾಯಿಯನ್ನು ತಮ್ಮನ ಬಂಡೆಯು ಸಾವಿರ ವರ್ಷ ಕಾಪಾಡಿಕೊಟ್ಟಿತು. ಎಲ್ಲ ಮನೆತನಗಳಿಗೂ ಬಂಡೆ ಇರುವುದಿಲ್ಲ. ಆದರೆ ತಿಳಿದ ಹಿರಿಯರು ಇನ್ನೂ ಹಲವು ಮನೆಗಳಲ್ಲಿರುವರು. ಜನ್ಮನಾಮಗಳ ಅರಿವು ಅಳಿದಲ್ಲಿ ನಂಟೂ ಅಳಿಯುವುದೆಂದು ಸ್ಮೃತಿಕಾರನು ಹೇಳಿದುದನ್ನು ಮನಸ್ಸಿನಲ್ಲಿಟ್ಟು, ಸಾಹಿತ್ಯವನ್ನು ಬೋಧಿಸುವ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಂದ ಅವರವರ ಅಜ್ಜಿಯ, ಅಜ್ಜಿಯ ತಾಯಿಯ ಹೆಸರನ್ನೂ ಊರನ್ನೂ ಕೇಳಿ ಬರೆಯಿಸುವುದರಿಂದ ಈ ಕಾರ್ಯವನ್ನು ಆರಂಭಿಸಬಹುದೆಂದು ಸೂಚಿಸಿ ಲೇಖನವನ್ನು ಮುಗಿಸುತ್ತೇವೆ.